ಅಕ್ಕನ ಜೀವಕ್ಕೆ ಬಿಟ್ಟವಳು

ಬನಹಟ್ಟಿ
14 ಜೂನ್ 1971

ಕರ್ತನಲ್ಲಿ ಪ್ರೀತಿಯ ಅಕ್ಕ ಸತ್ಯವ್ವನಿಗೆ ತಂಗಿ ತಾರವ್ವ ಬರೆಯುವುದು.

ಅವ್ವನೂ ನಾನೂ ಆರಾಮ ಇದ್ದೇವೆ. ನೀನೂ ಪರಸಪ್ಪ ಭಾವನೂ ಮಿರಜಿನಲ್ಲಿ ಆರಾಮ ಇದ್ದೀರೆಂದು ನಂಬಿದ್ದೇವೆ. ಮಳೆ ಇನ್ನೂ ಹಿಡಿದಿಲ್ಲ. ನಾನು ಮೊದಲಿನಂತೆ ಸಾವಕಾರರ ಮಗ್ಗದ ಮನೆಗೆ ಕಂಡಿಕೆಗೆ ನೂಲು ಸುತ್ತಲು ಹೋಗುತ್ತೇನೆ. ಹೋಗುವ ಮುಂಚೆ ಪ್ರಾರ್ಥನೆಯ ಮನೆಯ ಕಸ ಹೊಡೆದು ನೀರು ತುಂಬಿಡುತ್ತೇನೆ, ಸಂಜೆ ಬಂದು ದೀಪ ಹಚ್ಚುತ್ತೇನೆ. ಅದೂ ಮೊದಲಿನಂತೆಯೇ.

ಹೋದ ರವಿವಾರ ಜಮಖಂಡಿಯಿಂದ ಪಾದ್ರಿ ಅಯ್ಯನವರು ಬಂದಿದ್ದರು. ಪ್ರಸಂಗದ ನಡುವೆ ನನ್ನನ್ನು ಎದ್ದು ನಿಲ್ಲಿಸಿ, ಈ ಸಭೆಯಲ್ಲಿ ತನ್ನನ್ನೇ ಕರ್ತನಿಗೆ ಒಪ್ಪಿಸಿಕೊಂಡ ಹುಡುಗಿ ಇವಳೊಬ್ಬಳೇ ಎಂದರು. ಎಲ್ಲರೂ ತಿರುಗಿ ನೋಡಿದರು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಒಪ್ಪಿಸಿಕೊಂಡಿಲ್ಲ, ಒಪ್ಪಿಸಿದವಳು ಅವ್ವ ಎಂದು ಹೇಳಬೇಕೆನಿಸಿತು. ಅಷ್ಟು ಜನರ ಮುಂದೆ ನನಗೆ ಬಾಯಿ ಬರಲಿಲ್ಲ.

ಅವ್ವ ಒಪ್ಪಿಸಿದ ದಿನ ನೀನು ಜ್ವರದಲ್ಲಿ ಎಚ್ಚರವಿಲ್ಲದೆ ಬಿದ್ದಿದ್ದೆ, ನಡೆದದ್ದನ್ನು ನೀನು ನೋಡಿಲ್ಲ. ಅದಕ್ಕೆ ನನಗೆ ನೆನಪಿರುವಷ್ಟು ಬರೆಯುತ್ತೇನೆ. ನಿನಗೆ ಹನ್ನೆರಡು, ನನಗೆ ಏಳು. ಅವ್ವ ನನ್ನ ರಟ್ಟೆ ಹಿಡಿದು ಪ್ರಾರ್ಥನೆಯ ಮನೆಗೆ ಎಳೆದುಕೊಂಡು ಹೋಗಿ ಮೇಜಿನ ಮುಂದೆ ನೆಲದ ಮೇಲೆ ಮಲಗಿಸಿದಳು. "ದೊಡ್ಡಾಕಿನ್ನ ನನಗ ಉಳಿಸಿಕೊಡಪಾ ಯೇಸಪ್ಪಾ, ಸಣ್ಣಾಕಿನ್ನ ನಿನಗ ಬಿಡತೇನಿ. ಆಕಿ ಮದಿವಿ ಮಾಡೂದಿಲ್ಲ. ನಿನ್ನ ಮನಿ ಕಸಾ ಹೊಡಕೊಂಡ ಇರತಾಳ" ಎಂದಳು. ನೆಲ ತಣ್ಣಗಿತ್ತು. ನನಗೆ ಅಲ್ಲೇ ನಿದ್ದೆ ಹತ್ತಿತು. ಮರುದಿನ ನಿನ್ನ ಜ್ವರ ಇಳಿಯಿತು.

ಕೇಳುವುದು ಇಷ್ಟೇ. ಒಬ್ಬರ ತಲೆಯ ಮೇಲೆ ಇನ್ನೊಬ್ಬರು ಹೊತ್ತ ಹರಕೆಯನ್ನು ದೇವರು ಹಿಡಿದುಕೊಂಡೇ ಇರುತ್ತಾನೆಯೇ? ಬೇರೆ ಕಾರಣ ಏನೂ ಇಲ್ಲ, ಸುಮ್ಮನೆ ಕೇಳಿದೆ.

ನಿನ್ನ ತಂಗಿ
ತಾರವ್ವ


ಮಿರಜ
2 ಜುಲೈ 1971

ಪ್ರೀತಿಯ ತಾರಾ,

ಅಯ್ಯನವರು ನಿನ್ನನ್ನು ಹೊಗಳಿದ್ದನ್ನು ಓದಿ ಇವರಿಗೂ ಹೇಳಿದೆ. ಇವರು ಆಸ್ಪತ್ರೆಯ ಚಾದರ ಒಗೆದು ಒಣಹಾಕಿ ಬಂದು ಕೂತಿದ್ದರು. "ನಮ್ಮ ಹೆಂಡರ ತಂಗಿ ಸಣ್ಣ ಪಾದ್ರಿ ಆದಳಲ್ಲ" ಎಂದು ನಕ್ಕರು.

ಕಸ ಹೊಡೆದು ಬೇಸರವಾಗಿದ್ದರೆ ಅದನ್ನು ಉಪದೇಶಿ ಗೂಳಪ್ಪನವರಿಗೆ ಹೇಳು. ಉಳಿದ ಹುಡುಗಿಯರ ಪಾಳಿ ಹಚ್ಚಿಕೊಡಲಿ. ಅಷ್ಟಕ್ಕೆ ದೇವರ ಮೇಲೆ ಸಿಟ್ಟಾಗಬೇಡ. ನಿನ್ನನ್ನು ನೆನೆದರೆ ನನಗೆ ಒಮ್ಮೊಮ್ಮೆ ಹೊಟ್ಟೆಕಿಚ್ಚು. ರೊಟ್ಟಿ ದಪ್ಪವಾಯಿತು, ಪಲ್ಯಕ್ಕೆ ಉಪ್ಪು ಸಾಲದು ಎನ್ನುವ ಗಂಡ ಇಲ್ಲ. ಅವ್ವನ ಹತ್ತಿರ ಒಬ್ಬಳಾದರೂ ಇದ್ದೀಯೆಂದು ನಾನು ಇಲ್ಲಿ ನಿಶ್ಚಿಂತೆಯಿಂದ ಇದ್ದೇನೆ.

ಹರಕೆಯ ವಿಷಯ ನನಗೆ ಹೆಚ್ಚು ತಿಳಿಯದು. ಕೊಟ್ಟ ಮಾತು ಕೊಟ್ಟದ್ದೇ ಎಂದು ಇಲ್ಲಿಯ ಸಭೆಯ ಹಿರಿಯರೂ ಹೇಳುತ್ತಾರೆ. ನಿನಗೆ ಅಲ್ಲಿ ಏನು ಕಡಿಮೆಯಾಗಿದೆ?

ನಾನು ಚೆನ್ನಾಗಿದ್ದೇನೆ. ಮೆಟ್ಟಿಲು ಹತ್ತುವಾಗ ಸ್ವಲ್ಪ ದಣಿವು. ಮಿರಜಿನ ನೀರು ನನಗೆ ಇನ್ನೂ ಒಗ್ಗಿಲ್ಲ.

ನಿನ್ನ ಅಕ್ಕ


ಬನಹಟ್ಟಿ
9 ಆಗಸ್ಟ್ 1971

ಅಕ್ಕನಿಗೆ ತಾರವ್ವ ಮಾಡುವ ವಂದನೆಗಳು.

ಸುಮ್ಮನೆ ಕೇಳಿದೆ ಎಂದು ಬರೆದಿದ್ದೆ. ಅದು ಖರೆ ಅಲ್ಲ. ನಿನ್ನ ಪತ್ರ ಓದಿ ಬಹಳ ದಿನ ಸುಮ್ಮನಿದ್ದೆ, ಈಗ ಬರೆಯುತ್ತಿದ್ದೇನೆ.

ನಮ್ಮ ಮಗ್ಗದ ಮನೆಯಲ್ಲಿ ಬಾಳು ಎಂಬವರು ನೇಯುತ್ತಾರೆ. ತೇರದಾಳದವರು, ನಮ್ಮ ಸಭೆಯವರೇ. ನನ್ನ ರಾಟಿಯ ಪಕ್ಕದ ಮಗ್ಗ ಅವರದು. ಉಳಿದವರು ಸುತ್ತಿದ ಕಂಡಿಕೆಯ ನೂಲು ಹರಿಯುತ್ತದೆ, ತಾರವ್ವ ಸುತ್ತಿದ್ದೇ ಬೇಕು ಎಂದು ಸಾವಕಾರರಿಗೆ ದೂರು ಹೇಳಿದರು. ಆಮೇಲೆ ನೋಡಿದರೆ ಯಾರದ್ದೂ ಹರಿಯುತ್ತಿರಲಿಲ್ಲ. ಮಗ್ಗದ ಮನೆಯ ಹೆಂಗಸರೆಲ್ಲ ನಕ್ಕರು. ನಾನು ತಲೆ ಎತ್ತಲಿಲ್ಲ, ಆದರೆ ನನಗೂ ನಗು ಬಂದಿತ್ತು.

ಹೋದ ವಾರ ಅವರ ಕಾಕಾ ಅವ್ವನನ್ನು ಕೇಳಲು ಬಂದರು. ಅವ್ವ ಅವರಿಗೆ ಚಹಾ ಕೊಟ್ಟಳು. ಅವರು ಕುಡಿದಾದ ಮೇಲೆ, "ಈಕಿದು ಆಗೇತ್ರಿ. ದೇವರ ಕೂಡ ಆಗೇತಿ" ಎಂದಳು. ಅವರು ಕಪ್ಪು ಕೆಳಗಿಟ್ಟು ಎದ್ದು ಹೋದರು.

ರೊಟ್ಟಿ ಬಡಿಯುವಾಗ ನಾನೇ ಕೇಳಿದೆ, ಒಂದು ವೇಳೆ ನಾನು ಮದುವೆಯಾದರೆ ಏನಾಗುತ್ತದೆ ಎಂದು.

"ಏನಾಗತೈತಿ? ಆತ ಕೊಟ್ಟಿದ್ದನ್ನ ಆತ ತಿರಗಿ ತಗೋತಾನ. ಅಕ್ಕನ್ನ ಮಣ್ಣಾಗಿಟ್ಟ ನೀ ಹೊಸಾ ಸೀರಿ ಉಡತಿಯೇನು?"

ಸಿಟ್ಟಿನಿಂದ ಹೇಳಲಿಲ್ಲ ಅಕ್ಕಾ. ಒಲೆಯ ಮೇಲಿನ ಹಾಲು ಉಕ್ಕುತ್ತದೆ, ನೋಡು ಎನ್ನುವ ಹಾಗೆ ಹೇಳಿದಳು. ಅದಕ್ಕೇ ನನಗೆ ಹೆದರಿಕೆಯಾಯಿತು.

ನನಗೆ ಮನಸ್ಸಿದೆ. ಆದರೆ ಜೀವ ನಿನ್ನದು. ನಿನಗೆ ಹೆದರಿಕೆ ಇಲ್ಲವೆಂದು ಒಂದು ಸಾಲು ಬರೆದರೆ ನಾನು ಅವ್ವನಿಗೆ ಹೇಗಾದರೂ ಹೇಳುತ್ತೇನೆ. ಹೆದರಿಕೆ ಇದೆಯೆಂದರೆ ಬಿಟ್ಟುಬಿಡುತ್ತೇನೆ, ನಿನ್ನ ಮೇಲೆ ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವುದಿಲ್ಲ.

ತಾರಾ


ಮಿರಜ
8 ಸೆಪ್ಟೆಂಬರ್ 1971

ಪ್ರೀತಿಯ ತಾರಾ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ನೆಗಡಿ, ಕೆಮ್ಮು ಆಗಿ ಮಲಗಿದ್ದೆ, ಅದಕ್ಕೆ ಬರೆಯಲಾಗಲಿಲ್ಲ. ಶನಿವಾರದಿಂದ ಎದ್ದು ಓಡಾಡುತ್ತಿದ್ದೇನೆ. ಅವ್ವನಿಗೆ ಇದನ್ನು ಓದಿ ಹೇಳಬೇಡ, ಸುಮ್ಮನೆ ಚಿಂತೆ ಮಾಡುತ್ತಾಳೆ.

ಬಾಳು ಒಳ್ಳೆಯವರೇ ಇರಬೇಕು. ಕುಡಿಯುತ್ತಾರೇನು? ಅವರ ಅವ್ವ ಹೇಗಿದ್ದಾಳೆ? ಇದನ್ನೆಲ್ಲ ನೀನು ಬರೆದಿಲ್ಲ. ಸ್ವಲ್ಪ ತಡೆ. ಅವ್ವನ ಮನಸ್ಸನ್ನು ಒಮ್ಮೆಲೇ ನೋಯಿಸಬೇಡ. ಕ್ರಿಸ್ಮಸ್ಸಿಗೆ ನಾನು ಬಂದಾಗ ಕೂತು ಮಾತಾಡೋಣ. ಹೆಣ್ಣುಮಕ್ಕಳ ಬಾಳಿನಲ್ಲಿ ಅವಸರ ಒಳ್ಳೆಯದಲ್ಲ.

ಇಲ್ಲಿ ಮಳೆ ಬಹಳ. ಇವರ ಚಾದರಗಳು ಒಣಗುವುದೇ ಇಲ್ಲ.

ಅಕ್ಕ


ಬನಹಟ್ಟಿ
11 ಸೆಪ್ಟೆಂಬರ್ 1971

ಅಕ್ಕಾ,

ನಿನ್ನ ಪತ್ರ ಇನ್ನೂ ಬಂದಿಲ್ಲ. ಬರುವುದೋ ಇಲ್ಲವೋ ಎಂದು ತಿಳಿಯದೆ ಬರೆಯುತ್ತಿದ್ದೇನೆ.

ಸೀರೆ ಮಾರಲು ಮಿರಜಿಗೆ ಹೋಗುವ ದಶರಥ ಮಾಮಾ ನಿನ್ನೆ ಬೆಳಿಗ್ಗೆ ಮಗ್ಗದ ಮನೆಗೆ ಬಂದಿದ್ದರು. ಹೋದ ತಿಂಗಳ ಕೊನೆಗೆ ಯಾರನ್ನೋ ನೋಡಲು ಆಸ್ಪತ್ರೆಗೆ ಹೋದಾಗ ನಿನ್ನನ್ನು ಮಂಚದ ಮೇಲೆ ನೋಡಿದರಂತೆ. ಕಾಲು ಬಾತಿದ್ದವು, ಉಸಿರಾಡಲು ದಿಂಬಿಗೆ ಒರಗಿ ಕೂತಿದ್ದೆಯಂತೆ, ಅವರ ಗುರುತನ್ನೂ ಹಿಡಿಯಲಿಲ್ಲವಂತೆ. ನನ್ನ ಕೈಯೊಳಗಿನ ನೂಲು ಹರಿಯಿತು.

ನಿನಗೆ ಒಂದು ಮಾತು ಹೇಳಬೇಕು. ಆಗಸ್ಟ್ ಕೊನೆಯ ರವಿವಾರ ಪ್ರಾರ್ಥನೆ ಮುಗಿದ ಮೇಲೆ ಬಾಳು ಬಾವಿಯ ಹತ್ತಿರ ನಿಂತಿದ್ದರು. ಏನಂತೀ ಎಂದು ಕೇಳಿದರು. ನಿನ್ನ ಪತ್ರಕ್ಕೆ ಕಾಯದೆ ನಾನು ಹೂಂ ಎಂದೆ. ನಾನು ಹೂಂ ಎಂದಾಗ ನೀನು ಆ ಮಂಚದ ಮೇಲೆ ಇದ್ದೆ.

ನಿನ್ನೆ ಊಟದ ಹೊತ್ತಿಗೆ ಹೋಗಿ ಅವರಿಗೆ ಬೇಡವೆಂದೆ. ಕಾರಣವನ್ನೂ ಹೇಳಿದೆ. ಅವರು ಮಗ್ಗ ನಿಲ್ಲಿಸಿ ನನ್ನ ಕಡೆ ತಿರುಗಿದರು. ಆಮೇಲೆ, "ನಮ್ಮ ಸಾವಕಾರಗ ಹೊತ್ತ ಮುಣಗಿದ ಮ್ಯಾಲ ಆಳನ್ನ ಮನಿಗೆ ಬಿಡಬೇಕ ಅನ್ನೂದಾರ ಗೊತ್ತೈತಿ. ನಿಮ್ಮವ್ವನ ದೇವರಿಗೆ ಅದೂ ಗೊತ್ತಿಲ್ಲಲ್ಲ" ಎಂದರು. ನಾನು ಕಿವಿ ಮುಚ್ಚಿಕೊಂಡು ಬಂದೆ. ಹಾಗೆ ಮಾತಾಡಿದ್ದಕ್ಕೆ ಅವರಿಗೇನಾದರೂ ಆದೀತೆಂದು ಮತ್ತೊಂದು ಹೆದರಿಕೆ.

ನೀನು ಬದುಕಿದ್ದರೆ ಬರೆ.

ತಾರಾ


ಬನಹಟ್ಟಿ
15 ಸೆಪ್ಟೆಂಬರ್ 1971

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರ ಸೋಮವಾರ ಬಂದು ಮುಟ್ಟಿತು. ಎದ್ದು ಓಡಾಡುತ್ತಿದ್ದೇನೆ ಎಂಬ ಸಾಲನ್ನು ಮತ್ತೆ ಮತ್ತೆ ಓದಿದೆ. ದೇವರು ಕೇಳಿದ. ನಾನು ಬಿಟ್ಟುಕೊಟ್ಟೆ, ಆತ ನಿನ್ನನ್ನು ಎಬ್ಬಿಸಿದ. ಇನ್ನು ಮೇಲೆ ಇದರ ಬಗ್ಗೆ ನನಗೆ ಅನುಮಾನವಿಲ್ಲ. ಅವ್ವ ಹೇಳಿದ್ದು ಖರೆ.

ಪ್ರಾರ್ಥನೆಯ ಮನೆಯ ನೆಲವನ್ನು ಈಗ ದಿನಾ ಸಾರಿಸುತ್ತೇನೆ. ಮೊದಲು ಬರೀ ಶನಿವಾರ ಸಾರಿಸುತ್ತಿದ್ದೆ. ಮದುವೆಯ ಮಾತು ಇನ್ನು ಬರೆಯಬೇಡ.

ನಿನ್ನ ತಂಗಿ
ತಾರವ್ವ


ಮಿರಜ
27 ಸೆಪ್ಟೆಂಬರ್ 1971

ತಾರಾ,

ನಿನ್ನ ಎರಡೂ ಪತ್ರಗಳನ್ನು ಮುಂದಿಟ್ಟುಕೊಂಡು ಕೂತಿದ್ದೇನೆ. ನಿನಗೆ ಕಪಾಳಕ್ಕೆ ಹೊಡೆಯಬೇಕೆನಿಸುತ್ತದೆ, ನನಗೂ ಹೊಡೆದುಕೊಳ್ಳಬೇಕೆನಿಸುತ್ತದೆ.

ನನ್ನ ಪತ್ರದ ಮೇಲಿನ ತಾರೀಖು ನೋಡು. ನಾನು ಆಸ್ಪತ್ರೆಯಿಂದ ಮನೆಗೆ ಬಂದದ್ದು ಶನಿವಾರ, ನಾಲ್ಕನೆಯ ತಾರೀಖು. ನೀನು ಅವರಿಗೆ ಬೇಡವೆಂದದ್ದು ಹತ್ತನೆಯ ತಾರೀಖು. ನೀನು ಬೇಡ ಎನ್ನುವ ಹೊತ್ತಿಗೆ ನಾನು ಇಲ್ಲಿ ಅಕ್ಕಿ ಆರಿಸುತ್ತಿದ್ದೆ. ನನ್ನನ್ನು ಎಬ್ಬಿಸಿದ್ದು ಆಸ್ಪತ್ರೆಯವರು ಕೊಟ್ಟ ಔಷಧಿ ಮತ್ತು ದೇವರ ದಯೆ. ಅದರಲ್ಲಿ ನಿನ್ನ ಬಾಳುವಿನ ಪಾಲೇನೂ ಇಲ್ಲ.

ಹೋಗಿ ಅವರಿಗೆ ಹೂಂ ಎಂದು ಹೇಳು. ಈಗ ನಾನು ಹೇಳುತ್ತಿದ್ದೇನೆ. ಮೊದಲೇ ಹೇಳಬೇಕಿತ್ತು.

ಅಕ್ಕ


ಬನಹಟ್ಟಿ
6 ಅಕ್ಟೋಬರ್ 1971

ಪ್ರೀತಿಯ ಅಕ್ಕನಿಗೆ,

ತಾರೀಖು ನೋಡಿದೆ. ನೀನು ಹೇಳಿದ್ದು ಸರಿ. ಆದರೆ ಆತ ಎಲ್ಲವನ್ನೂ ಮೊದಲೇ ಬಲ್ಲವನು. ಹತ್ತನೆಯ ತಾರೀಖಿಗೆ ನಾನು ಬೇಡ ಎನ್ನುತ್ತೇನೆಂದು ನಾಲ್ಕನೆಯ ತಾರೀಖಿಗೇ ಆತನಿಗೆ ಗೊತ್ತಿತ್ತು, ಅದಕ್ಕೇ ನಿನ್ನನ್ನು ಮುಂಚೆಯೇ ಎಬ್ಬಿಸಿದ. ನನಗೆ ಸಂಶಯ ಉಳಿಯಬಾರದೆಂದು ಗೂಳಪ್ಪನವರನ್ನೂ ಕೇಳಿದೆ, ಯಾರ ಸುದ್ದಿಯೆಂದು ಹೇಳಲಿಲ್ಲ. ತಾಯಿಯ ಹೊಟ್ಟೆಯಲ್ಲಿರುವಾಗಲೇ ಆತನಿಗೆ ನಮ್ಮ ನಡತೆಯೆಲ್ಲ ಗೊತ್ತು ಎಂದರು.

ಹಾಗಾದ ಮೇಲೆ ನಾನು ಎಲ್ಲಿಗೆ ಹೋಗಲಿ? ಹೂಂ ಎನ್ನುವ ಮುಂಚೆಯೇ ಆತನಿಗೆ ಕೇಳಿಸುತ್ತದೆ. ಮನಸ್ಸಿನಲ್ಲಿ ಎಣಿಸಿದರೂ ಕೇಳಿಸುತ್ತದೆ. ಅದಕ್ಕೆ ಮನಸ್ಸಿಗೆ ಅವರು ಬಂದಾಗಲೆಲ್ಲ ನಾನು ನಿನ್ನ ಹೆಸರು ಹೇಳಿಕೊಳ್ಳುತ್ತೇನೆ. ಕಂಡಿಕೆ ಸುತ್ತುತ್ತ ಸತ್ಯವ್ವ, ಸತ್ಯವ್ವ ಎಂದುಕೊಳ್ಳುತ್ತ ಇರುತ್ತೇನೆ.

ಬಾಳು ಸಾವಕಾರರಿಗೆ ಹೇಳಿ ಆಚೆಯ ಸಾಲಿನ ಮಗ್ಗಕ್ಕೆ ಹೋಗಿದ್ದಾರೆ. ಒಳ್ಳೆಯದೇ ಆಯಿತು.

ತಾರವ್ವ


ಮಿರಜ
24 ಅಕ್ಟೋಬರ್ 1971

ತಾರಾ, ನನ್ನ ಕೂಸೇ,

ನಿನ್ನ ಪತ್ರ ಓದಿ ನನಗೆ ಹೆದರಿಕೆಯಾಯಿತು. ಬಚ್ಚಿಟ್ಟದ್ದನ್ನೆಲ್ಲ ಬರೆಯುತ್ತೇನೆ. ಪೂರ್ತಿ ಓದು. ಅವ್ವನ ಮುಂದೆ ಓದಬೇಡ.

ಆಸ್ಪತ್ರೆಯಲ್ಲಿ ಡಾಕ್ಟರಬಾಯಿ ನನ್ನ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದಳು. ಚಿಕ್ಕಂದಿನಲ್ಲಿ ಯಾವಾಗಲಾದರೂ ಜ್ವರ ಬಂದು ಮೊಳಕಾಲು, ಮೊಳಕೈ ಬಾತಿದ್ದವೇನು ಎಂದು ಮರಾಠಿಯಲ್ಲಿ ಕೇಳಿದಳು. ಹೌದೆಂದೆ. ಆ ಜ್ವರ ಮೇಲ್ನೋಟಕ್ಕೆ ಇಳಿದರೂ ಒಳಗೆ ಹೃದಯದಲ್ಲಿ ಕೂತಿದೆ, ಹೃದಯದ ಒಂದು ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ ಎಂದಳು. ಅಂದಿನಿಂದ ಇಂದಿನವರೆಗೆ ಅದು ಕೆಡುತ್ತಲೇ ಬಂದಿದೆಯಂತೆ. ಮಕ್ಕಳಾಗಬಾರದು, ನೀರು ಹೊರಬಾರದು, ಮೆಟ್ಟಿಲು ಹತ್ತಬಾರದು. ಎಷ್ಟು ವರ್ಷ ಎಂದು ಇವರು ಕೇಳಿದರೆ, ಚೆನ್ನಾಗಿ ನೋಡಿಕೊಳ್ಳಿ ಎಂದಷ್ಟೇ ಹೇಳಿದಳು. ಇವರು ಹೊರಗೆ ಹೋಗಿ ಚಾದರದ ಸಾಲಿನ ಹಿಂದೆ ನಿಂತು ಅತ್ತರು. ನಾನು ಕಿಟಕಿಯಿಂದ ನೋಡಿದೆ.

ಈಗ ತಿಳಿಯಿತೇ? ನನ್ನ ಜಡ್ಡು ಹುಟ್ಟಿದ್ದು ನೀನು ಬಾವಿಯ ಹತ್ತಿರ ಹೂಂ ಎಂದಾಗ ಅಲ್ಲ. ಅವ್ವ ನಿನ್ನನ್ನು ನೆಲದ ಮೇಲೆ ಮಲಗಿಸಿದಾಗಲೇ ಅದು ನನ್ನೊಳಗಿತ್ತು, ನೀನು ಹದಿನಾಲ್ಕು ವರ್ಷ ಕಸ ಹೊಡೆಯುವಾಗಲೂ ಇತ್ತು. ಅವ್ವ ನಿನ್ನನ್ನು ಕೊಟ್ಟಳು. ಆತ ಕೈಚಾಚಿ ತೆಗೆದುಕೊಂಡದ್ದನ್ನು ಯಾರು ನೋಡಿದರು?

ನಮ್ಮ ದೊಡ್ಡವ್ವ ಮುದಕವ್ವನಿಗೆ ಮುತ್ತು ಕಟ್ಟಿ ದೇವಿಗೆ ಬಿಟ್ಟರಂತೆ. ಅವಳ ಜೀವನ ಏನಾಯಿತೆಂದು ಕೇರಿಗೆಲ್ಲ ಗೊತ್ತು. ಮನೆಯ ಹೆಣ್ಣುಮಕ್ಕಳನ್ನು ಇನ್ನು ಯಾರಿಗೂ ಬಿಡಬಾರದೆಂದೇ ನಮ್ಮಜ್ಜ ದೀಕ್ಷಾಸ್ನಾನ ಮಾಡಿಸಿಕೊಂಡ. ಮಗಳು ಸಾಯುವ ಹೊತ್ತಿನಲ್ಲಿ ಅವ್ವನ ಕೈಗೆ ಆ ಹಳೆಯ ದಾರಿಯೇ ಸಿಕ್ಕಿತು. ಹೆಸರು ಮಾತ್ರ ಯೇಸಪ್ಪನದು. ಅವಳನ್ನು ಬೈಯುವುದಿಲ್ಲ.

ನಮ್ಮಪ್ಪ ಕುಡಿಯುತ್ತಿದ್ದ, ಬೈಯುತ್ತಿದ್ದ. ಆದರೂ ಒಬ್ಬ ಮಗಳಿಗೆ ರೊಟ್ಟಿ ಹಾಕಬೇಕಾದರೆ ಇನ್ನೊಬ್ಬಳನ್ನು ಕೊಡು ಎಂದು ಯಾವತ್ತೂ ಕೇಳಲಿಲ್ಲ. ದೇವರನ್ನು ತಂದೆ ತಂದೆ ಎನ್ನುತ್ತೇವೆ, ಆದರೆ ಆತನನ್ನು ನಮ್ಮಪ್ಪನಿಗಿಂತ ಕೀಳು ಮಾಡಿ ನೋಡುತ್ತೇವೆ.

ಇನ್ನೂ ಒಂದು ಉಳಿದಿದೆ. ಆಗಸ್ಟಿನಲ್ಲಿ ನೀನು ಒಂದು ಸಾಲು ಬೇಡಿದೆ. ನಾನು ಬರೆಯದಿದ್ದದ್ದು ಜಡ್ಡಿನಿಂದ ಅಲ್ಲ. ಪತ್ರ ದಿಂಬಿನ ಕೆಳಗಿತ್ತು, ಕೈಗೆ ಶಕ್ತಿಯೂ ಇತ್ತು. ಇವಳು ಮದುವೆಯಾದರೆ ನಾನು ಹೋಗುತ್ತೇನೆ ಎಂದು ನಾನೂ ನಂಬಿದೆ. ಅದಕ್ಕೇ ಸ್ವಲ್ಪ ತಡೆ ಎಂದು ಬರೆದೆ. ಬದುಕುವ ಆಸೆ ಕೆಟ್ಟದ್ದು ತಾರಾ.

ನಾನು ಇರುವಾಗಲೇ ಮದುವೆಯಾಗು. ಆಮೇಲೆ ನನ್ನ ಸಾವು ಯಾವಾಗ ಬಂದರೂ ಅದು ನಿನ್ನದಲ್ಲ.

ನಿನ್ನ ಸತ್ಯವ್ವ


ಬನಹಟ್ಟಿ
6 ಡಿಸೆಂಬರ್ 1971

ಅಕ್ಕಾ,

ಒಂದು ತಿಂಗಳ ಮೇಲಾಯಿತು ಬರೆಯದೆ. ನಿನ್ನ ಪತ್ರ ಓದಿ ಮೊದಲ ವಾರ ಅತ್ತೆ, ಎರಡನೆಯ ವಾರ ನಿನ್ನ ಮೇಲೆ ಸಿಟ್ಟು ಬಂತು. ಆಮೇಲೆ ಒಂದು ದಿನ ಆಚೆಯ ಸಾಲಿಗೆ ಹೋಗಿ ಬಾಳುವಿನ ಮಗ್ಗದ ಹತ್ತಿರ ಕಂಡಿಕೆಯ ಬುಟ್ಟಿ ಇಟ್ಟೆ. ಅವರು, "ಇದು ಹರಿಯೂದಿಲ್ಲಲ್ಲ?" ಎಂದರು. ನಾನು ಇಲ್ಲವೆಂದೆ. ಅಷ್ಟೇ ಮಾತು.

ಮದುವೆಯ ಪ್ರಕಟಣೆಯನ್ನು ಸಭೆಯಲ್ಲಿ ಮೂರು ರವಿವಾರ ಓದಬೇಕಲ್ಲ. ನವೆಂಬರ್ ಇಪ್ಪತ್ತೊಂದಕ್ಕೆ ಗೂಳಪ್ಪನವರು ಮೊದಲ ಸಲ ಓದಿದರು. ಯಾರಿಗಾದರೂ ತಕರಾರು ಇದ್ದರೆ ಹೇಳಿ ಎಂದು ಪುಸ್ತಕ ಮುಚ್ಚುತ್ತಿದ್ದಂತೆ ಅವ್ವ ಹೆಂಗಸರ ಸಾಲಿನಿಂದ ಎದ್ದಳು.

"ನಂದೈತ್ರಿ. ಈಕಿನ್ನ ನಾ ಇಲ್ಲೇ, ಈ ಮೇಜಿನ ಮುಂದ ಕೊಟ್ಟೇನಿ. ಕೊಟ್ಟಿದ್ದನ್ನ ಕಸಗೊಂಡ ಬ್ಯಾರೆದವಗ ಕೊಟ್ಟರ ಆತ ಸುಮ್ಮನಿರತಾನೇನ್ರಿ? ನನಗ ಇನ್ನೊಬ್ಬ ಮಗಳ ಅದಾಳ."

ಗೂಳಪ್ಪನವರು ಅಯ್ಯನವರು ಬಂದ ಮೇಲೆ ನೋಡೋಣ ಎಂದು ಕೈಮುಗಿದು ಪ್ರಾರ್ಥನೆ ಮುಗಿಸಿಬಿಟ್ಟರು. ಹೊರಗೆ ಬಂದಾಗ ಹೆಂಗಸರು ನನ್ನ ದಾರಿ ಬಿಟ್ಟು ನಿಂತರು, ಜಡ್ಡಿನವಳಿಗೆ ದಾರಿ ಬಿಡುವ ಹಾಗೆ.

ನಿನ್ನೆ ಅಯ್ಯನವರು ಬಂದರು. ಅವ್ವನನ್ನು ಕೂಡ್ರಿಸಿಕೊಂಡು ಬಹಳ ತಿಳಿಸಿ ಹೇಳಿದರು, ಕರ್ತನು ಬಲವಂತದ ಕಾಣಿಕೆ ಕೇಳುವುದಿಲ್ಲ ಎಂದು. ಅವ್ವ ಎಲ್ಲವನ್ನೂ ಕೇಳಿ, "ಹಂಗಾದರ ಅವತ್ತ ಈಕಿನ್ನ ಎದ್ದ ನಿಂದ್ರಿಸಿ ಯಾಕ ಹೊಗಳಿದ್ರಿ?" ಎಂದಳು. ಅಯ್ಯನವರು ಕನ್ನಡಕ ತೆಗೆದು ಒರೆಸಿದರು. ಕೊನೆಗೆ, ಇಲ್ಲಿ ಬೇಡ, ಸಭೆ ಒಡೆಯುತ್ತದೆ, ಜಮಖಂಡಿಗೆ ಬನ್ನಿ, ಅಲ್ಲಿ ಪ್ರಕಟಣೆ ಓದಿಸಿ ಮದುವೆ ಮಾಡುತ್ತೇನೆ ಎಂದು ನನಗೂ ಬಾಳುವಿಗೂ ಹೊರಗೆ ಮೆಲ್ಲಗೆ ಹೇಳಿದರು. ಜನವರಿ ಐದಕ್ಕೆ ಇಟ್ಟುಕೊಂಡಿದ್ದೇವೆ.

ನೀನು ಬರಬೇಡ. ಬಸ್ಸು, ರೈಲು, ಮತ್ತೆ ಬಸ್ಸು. ದಾರಿಯಲ್ಲಿ ನಿನಗೇನಾದರೂ ಆದರೆ ಅವ್ವ ಹೇಳಿದ್ದೇ ಖರೆ ಆಗುತ್ತದೆ. ನಿನ್ನ ಪತ್ರದ ಮಾತೆಲ್ಲ ನನಗೆ ಒಪ್ಪಿಗೆಯಿದೆ, ಆದರೂ ಬೆಳಿಗ್ಗೆ ಎದ್ದಾಗ ಮೊದಲು ನೀನು ಬದುಕಿದ್ದೀಯೋ ಎಂದು ಅನಿಸುತ್ತದೆ. ಅವ್ವ ಒಂದೇ ಮನೆಯಲ್ಲಿದ್ದು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ರೊಟ್ಟಿ ಮಾತ್ರ ಮಾಡಿಡುತ್ತಾಳೆ.

ತಾರಾ


ಮಿರಜ
28 ಡಿಸೆಂಬರ್ 1971

ತಾರಾ,

ಬರುವುದಿಲ್ಲ. ನೀನು ಬೇಡ ಎಂದದ್ದಕ್ಕಲ್ಲ, ಡಾಕ್ಟರಬಾಯಿ ಬಿಡಲಿಲ್ಲ. ಕ್ರಿಸ್ಮಸ್ಸಿಗೆ ಸಭೆಗೂ ಹೋಗಲಿಲ್ಲ, ಇವರು ಹೋಗಿ ಬಂದು ಹಾಡು ಹಾಡಿ ತೋರಿಸಿದರು. ಇವರ ದನಿ ನಿನಗೆ ಗೊತ್ತು. ನಕ್ಕೂ ನಕ್ಕೂ ಕೆಮ್ಮು ಬಂತು. ಇವರ ಕೈಯಲ್ಲಿ ಒಂದು ಸೀರೆ ಕಳಿಸುತ್ತಿದ್ದೇನೆ. ಐದನೆಯ ತಾರೀಖಿಗೆ ಇವರೇ ನನ್ನ ಬದಲು ನಿಲ್ಲುತ್ತಾರೆ.

ಮದುವೆಯ ಪತ್ರದಲ್ಲಿ ಇದನ್ನು ಬರೆಯಬಾರದು. ಮುಂದೆ ಬರೆಯಲು ಕೈಗೆ ಆಗುತ್ತದೋ ಇಲ್ಲವೋ, ಅದಕ್ಕೆ ಬರೆಯುತ್ತೇನೆ.

ಇಲ್ಲಿಂದ ಸುದ್ದಿ ಬಂದ ದಿನ ಅವ್ವ ನಿನ್ನ ಬಾಗಿಲಿಗೆ ಬರುತ್ತಾಳೆ. ಬಾಯಿಗೆ ಬಂದದ್ದನ್ನು ಅನ್ನುತ್ತಾಳೆ. ತಿರುಗಿ ಮಾತಾಡಬೇಡ, ಒಳಗೆ ಕರೆದು ಕೂಡ್ರಿಸು, ನೀರು ಕೊಡು. ಅಂದು ನೀನೂ ಉಣ್ಣು, ಅವಳಿಗೂ ಉಣ್ಣಿಸು. ಬಾಳುವನ್ನು ಮಗ್ಗಕ್ಕೆ ಕಳಿಸಬೇಡ. ಅವ್ವ ಎದ್ದು ಹೋದ ಮೇಲೆ ನಿನ್ನೊಳಗೆ ಒಂದು ದನಿ, ನಿನ್ನಿಂದಲೇ ಆಯಿತು ಎನ್ನುತ್ತದೆ. ಅದು ದೇವರ ದನಿ ಅಲ್ಲ. ನನಗೆ ಅದರ ಗುರುತಿದೆ, ಆಗಸ್ಟಿನಲ್ಲಿ ನನ್ನ ದಿಂಬಿನ ಹತ್ತಿರ ಕೂತಿತ್ತು. ನಮ್ಮ ಹೆದರಿಕೆಯೇ ಆತನ ಹೆಸರು ಇಟ್ಟುಕೊಂಡು ಮಾತಾಡುತ್ತದೆ. ಅದಕ್ಕೂ ನೀನು ಉತ್ತರ ಕೊಡಬೇಡ.

ಸೀರೆ ಹೇಗಿದೆ ಬರೆ.

ಅಕ್ಕ


ರಬಕವಿ
20 ಫೆಬ್ರುವರಿ 1972

ಅಕ್ಕಾ,

ಸೀರೆಯ ಬಗ್ಗೆ ಹೋದ ಪತ್ರದಲ್ಲಿ ಬರೆದೆ. ಈಗ ಅವ್ವನ ಸುದ್ದಿ ಬರೆಯಬೇಕು.

ಮದುವೆಗೆ ಅವಳು ಬರಲಿಲ್ಲ ಎಂಬುದು ನಿನಗೆ ಭಾವ ಹೇಳಿರಬೇಕು. ನಾವು ಪಕ್ಕದ ರಬಕವಿಯಲ್ಲಿ ಮನೆ ಹಿಡಿದ ಮೇಲೂ ಬರಲಿಲ್ಲ. ನಾನು ಹೋದಾಗಲೆಲ್ಲ ಅವಳ ಮನೆಗೆ ಕೀಲಿ ಇರುತ್ತಿತ್ತು. ನಿನ್ನೆ ಬೆಳಿಗ್ಗೆ ಬನಹಟ್ಟಿಯ ಮಗ್ಗದ ಮನೆಗೆ ಹೋಗುವ ದಾರಿಯಲ್ಲಿ ಪ್ರಾರ್ಥನೆಯ ಮನೆಯ ಬಾಗಿಲು ತೆರೆದಿದ್ದು ಕಂಡಿತು. ಒಳಗೆ ಅವ್ವ ಬಗ್ಗಿ ಕಸ ಹೊಡೆಯುತ್ತಿದ್ದಳು. ಅವಳ ಮೊಳಕಾಲು ನೋವು ನಿನಗೆ ಗೊತ್ತೇ ಇದೆ. ಎರಡು ಸಲ ಹೊಡೆದು ಒಂದು ಸಲ ಸೊಂಟ ಹಿಡಿದು ನಿಲ್ಲುತ್ತಿದ್ದಳು.

ಸಭೆಯವರು ಹುಡುಗಿಯರ ಪಾಳಿ ಹಚ್ಚಿದ್ದಾರಂತಲ್ಲ, ನೀನು ಯಾಕೆ ಮಾಡುತ್ತೀ ಎಂದು ಕೇಳಿದೆ. ಎರಡು ತಿಂಗಳ ಮೇಲೆ ಮೊದಲ ಸಲ ನನ್ನ ಜೊತೆ ಮಾತಾಡಿದಳು.

"ಪಾಳಿ ಬ್ಯಾಡ ಅಂತ ನಾನ ಹೇಳೇನಿ. ನಿನ್ನ ಬದಲಿ ನಾ ಬಂದೇನಿ ಅಂತ ಆತಗೂ ಹೇಳೇನಿ. ಆತಗೇನು ನೀನ ಆಗಬೇಕಂತಿಲ್ಲ. ಕಸಾ ಹೊಡಿಯಾಕ ಒಬ್ಬಾಕಿ ಇದ್ದರ ಆತು."

ನೀನು ಸಿಟ್ಟಾಗಬೇಡ. ನನಗೆ ತಡೆಯಲಾಗಲಿಲ್ಲ, ನಿನ್ನ ಹೃದಯದ ಮಾತೆಲ್ಲ ಅವಳಿಗೆ ಹೇಳಿಬಿಟ್ಟೆ. ಜ್ವರ ಅಂದಿನಿಂದ ಒಳಗೇ ಕೂತದ್ದು, ಡಾಕ್ಟರಬಾಯಿ ಕೇಳಿದ್ದು, ನೀನು ಬಹಳ ದಿನ ಇರಲಿಕ್ಕಿಲ್ಲ ಎಂಬುದು. ಸುದ್ದಿ ಬಂದ ದಿನ ಅವಳು ನನ್ನ ಬಾಗಿಲಿಗೆ ಬಂದು ಕೇಳುವುದಕ್ಕಿಂತ ನೀನು ಇರುವಾಗಲೇ ನನ್ನ ಬಾಯಿಂದ ಕೇಳಲಿ ಎನಿಸಿತು. ಹೇಳುತ್ತ ಹೇಳುತ್ತ ನನ್ನ ದನಿ ಗಟ್ಟಿಯಾಯಿತು ಅಕ್ಕಾ.

ಅವಳು ಗೋಡೆಗೆ ಒರಗಿದಳು. ಅಳಲಿಲ್ಲ. "ಹದಿನಾಕು ವರ್ಷಾ ಉಳಿಸ್ಯಾನಲ್ಲ. ಅದನ್ನೇನ ಬಿಟ್ಟಿ ಕೊಟ್ಟಾನೇನು?" ಎಂದಳು.

"ಹೂಂ ಬೇ ಅವ್ವಾ. ಬಿಟ್ಟಿನ ಕೊಟ್ಟಾನ."

ಅವಳು ನನ್ನ ಮುಖ ನೋಡಿದಳು. ಸಣ್ಣ ಮಗು ಏನೋ ತಿಳಿಯದೆ ಮಾತಾಡಿದಾಗ ನೋಡುತ್ತಿದ್ದಳಲ್ಲ, ಹಾಗೆ. "ಬಿಟ್ಟಿ ಕೊಡೂ ದೇವರನ್ನ ನಾ ಎಲ್ಲೂ ನೋಡಿಲ್ಲವ್ವಾ" ಎಂದು ಮತ್ತೆ ಬಗ್ಗಿದಳು.

ನನಗೆ ನೋಡಲಾಗಲಿಲ್ಲ. ಒಳಗೆ ಹೋಗಿ ಅವಳ ಕೈಯಿಂದ ಕಸಬರಿಗೆ ತೆಗೆದುಕೊಳ್ಳಲು ಹೋದೆ, ಇವತ್ತೊಂದು ದಿನ ನಾನು ಹೊಡೆಯುತ್ತೇನೆ, ನೀನು ಕೂಡು ಎಂದು. ಅವ್ವ ಕಸಬರಿಗೆಯನ್ನು ಬೆನ್ನ ಹಿಂದೆ ಹಿಡಿದುಕೊಂಡಳು. ಅಷ್ಟು ಹೆದರಿದ ಮುಖವನ್ನು ನಾನು ನಿನ್ನ ಜ್ವರದ ದಿನವೂ ನೋಡಿರಲಿಲ್ಲ.

"ನೀ ಮುಟ್ಟಬ್ಯಾಡ. ಮುಟ್ಟಿದರ ಮತ್ತ ನಿನ್ನ ಹಿಡಕೊಂಡಾನ. ಹೋಗ ನನ್ನವ್ವಾ, ಹೊರಗ ನಿಂದರ."

ನಾನು ಹೊರಗೆ ಬಂದೆ. ಕೆಲಸಕ್ಕೆ ಹೊತ್ತಾಗಿತ್ತು. ಆದರೂ ಅವಳು ಒಳಗಿನ ಮೂಲೆಯಿಂದ ಹೊಸ್ತಿಲ ತನಕ ಹೊಡೆದು ಮುಗಿಸುವವರೆಗೆ ಅಲ್ಲೇ ನಿಂತಿದ್ದೆ.

ತಾರಾ